ಮಸಿ ಹರಡಿದರೆ ಮೊದಲು ಕಾಗದ ನೋಡಿ

ಬಿದಿರಿನ ಕಲಮ್ (ಲೇಖನಿ) ಕೆತ್ತಿ ಅರಬ್ಬಿ ಕ್ಯಾಲಿಗ್ರಫಿಯ ಸುಲುಸ್ ಶೈಲಿ ಅಭ್ಯಾಸ ಮಾಡುವಾಗ ಮಸಿ ಹರಡುತ್ತೆ, ಅದ್ದಿದ ಕೂಡಲೇ ತೊಟ್ಟಿಕ್ಕುತ್ತೆ, ಕಲಮ್ ಬದಲಾಯಿಸಬೇಕಾ ಅಂತ ಮಂಡ್ಯದಿಂದ ಕೇಳಿದ್ದೀರಿ. ಬೇಡ.

ಹರಡೋದು ಕಾಗದದ ದೋಷ. ಅದಕ್ಕೆ ಆಹಾರ್, ಅಂದರೆ ಕಾಗದ ನುಣುಪಾಗಿಸುವ ಲೇಪ ಬೇಕು. ಮೂರು ಮೊಟ್ಟೆಯ ಬಿಳಿ ಲೋಳೆಯಲ್ಲಿ ಪಟಕದ ಗಟ್ಟಿಯನ್ನು ನೊರೆ ಏಳುವವರೆಗೆ ತಿರುವಿ. ನೊರೆ ಇಳಿದ ಮೇಲೆ ಅಡಿಯ ತಿಳಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ಸ್ಪಂಜಿನಲ್ಲಿ ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸಿ. ಎರಡನೇ ಸಲ ಅಡ್ಡಲಾಗಿ ಬಳಿಯಿರಿ. ಒಂದು ವಾರದೊಳಗೆ ಅಕೀಕ್ (ಅಗೇಟ್) ಕಲ್ಲಿನಿಂದಲೋ ದೊಡ್ಡ ಕವಡೆಯಿಂದಲೋ ಉಜ್ಜಲೇಬೇಕು. ತಡವಾದರೆ ಲೇಪ ಗಟ್ಟಿಯಾಗಿ ಬಿರುಕು ಬಿಡುತ್ತೆ. ಆಮೇಲೆ ಕಾಗದವನ್ನು ತಿಂಗಳುಗಟ್ಟಲೆ ಹಾಗೇ ಇಟ್ಟಷ್ಟೂ ಒಳ್ಳೇದು, ವರ್ಷವಾದರೆ ಇನ್ನೂ ಚೆಂದ. ಇಂಥ ಕಾಗದದಲ್ಲಿ ದೀಪದ ಮಸಿ ಒಳಗೆ ಇಳಿಯದೆ ಮೇಲೇ ಕೂರುತ್ತೆ. ತಪ್ಪಿದ ಗೆರೆಯನ್ನು ಒದ್ದೆ ಬೆರಳಲ್ಲಿ ಒರೆಸಬಹುದು. ಈ ಕಲೆಯ ದೊಡ್ಡ ಸೊಗಸೇ ಅದು!

ತೊಟ್ಟಿಕ್ಕೋದಕ್ಕೆ ಮದ್ದು ನಿಮ್ಮ ಜಿಲ್ಲೆಯಲ್ಲೇ ಬೆಳೆಯುತ್ತೆ, ರೇಷ್ಮೆ. ಕಚ್ಚಾ ಎಳೆಗಳನ್ನು ಸೋಪಿನ ನೀರಲ್ಲಿ ಕುದಿಸಿ, ಚೆನ್ನಾಗಿ ತೊಳೆದು, ಸಡಿಲವಾದ ಉಂಡೆ ಮಾಡಿ ದವಾತಿನೊಳಗೆ (ಮಸಿಕುಡಿಕೆಯೊಳಗೆ) ಇಡಿ. ಎಳೆ ಮುಳುಗುವಷ್ಟೇ ಮಸಿ ಸಾಕು. ಕಲಮನ್ನು ಅದ್ದಬೇಡಿ, ರೇಷ್ಮೆಗೆ ಮೆಲ್ಲಗೆ ಒತ್ತಿ. ಬೇಕಾದಷ್ಟೇ ಹತ್ತುತ್ತೆ, ಮೊನೆಯೂ ತಳಕ್ಕೆ ತಾಗಿ ಮೊಂಡಾಗಲ್ಲ.

ಮಸಿ ಒಣಗಿದ ಮೇಲೂ ಕೈಗೆ ಹತ್ತಿದರೆ ಗೋಂದು ಕಮ್ಮಿ. ಹೊಳೆದು ಬಿರಿದರೆ ಜಾಸ್ತಿ. ಗೋಂದು, ಪಟಕ ಎರಡೂ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತೆ. ಗೋಂದನ್ನು ಒಂದು ದಿನ ನೆನೆಸಿ ಸೋಸಿಯೇ ಬೆರೆಸಿ, ಇಲ್ಲದಿದ್ದರೆ ಕಸ ಕಲಮಿನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತೆ.