ಆ ನೋಟ್‌ಬುಕ್ ಮುಚ್ಚಿಡಿ, ಮಾಸ್ತರರೇ

ರಾಣೆಬೆನ್ನೂರಿನ ನಿವೃತ್ತ ಗಣಿತ ಮಾಸ್ತರರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ವರ್ಷದ ಹಿಂದೆ ಹತ್ತು ದಿನದ ಧ್ಯಾನ ಶಿಬಿರಕ್ಕೆ ಹೋಗಿ ಬಂದವರು. ಅಂದಿನಿಂದ ದಿನಾ ಬೆಳಗ್ಗೆ ಐದಕ್ಕೆ, ಮನೆ ಹಿಂದಿನ ಬೇವಿನ ಮರ ಕಾಣುವ ಕೋಣೆಯಲ್ಲಿ ಕೂರುತ್ತಾರೆ. ಮೂರು ತಿಂಗಳ ಹಿಂದೆ ಒಂದು ದಿನ ಉಸಿರು ತೆಳ್ಳಗಾಗುತ್ತಾ ಹೋಗಿ, ಕೈಕಾಲು ಇರುವುದೇ ಮರೆತು, ಮೈತುಂಬಾ ಹೇಳಲಾಗದ ಹಿತ ಹರಿಯಿತಂತೆ. ಎದ್ದಾಗ ಕಣ್ಣಲ್ಲಿ ನೀರು. ಆಮೇಲೆ ಅದು ಮತ್ತೆ ಬಂದಿಲ್ಲ. “ಬೌದ್ಧರು ಝಾನ ಅಂತಾರಲ್ಲ, ಧ್ಯಾನದಲ್ಲಿ ಮನಸ್ಸು ಮೆಟ್ಟಿಲು ಮೆಟ್ಟಿಲಾಗಿ ಆಳಕ್ಕೆ ಮುಳುಗುವ ಸ್ಥಿತಿ, ಇದು ಅದರಲ್ಲಿ ಮೊದಲನೆಯದೇ? ಗೆಳೆಯರೊಬ್ಬರು ಬರೀ ಭ್ರಮೆ, ಇನ್ನೂ ಎರಡು ತಾಸು ಜಾಸ್ತಿ ಕೂತು ನೋಡಿ ಅಂತಾರೆ. ದಿನಾ ಹತ್ತಕ್ಕೆ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಅಂಕ ಹಾಕಿಕೊಳ್ಳುತ್ತೇನೆ. ಈಗ ಮೂರು ದಾಟುತ್ತಿಲ್ಲ” ಎಂದು ಬರೆದಿದ್ದಾರೆ.

ಮಾಸ್ತರರೇ, ನಿಮ್ಮ ಕಾಗದ ಎರಡು ಸಲ ಓದಿದೆ. ಅದು ಯಾವ ಝಾನ ಎಂದು ಹುಬ್ಬಳ್ಳಿಯಲ್ಲಿ ಕೂತು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಅದನ್ನು ಭ್ರಮೆ ಅಂತ ತಳ್ಳಿಹಾಕಿದ ಗೆಳೆಯರ ಮಾತು ನನಗೆ ಹಿಡಿಸಲಿಲ್ಲ.

ಅವರ ಪರವಾಗಿಯೂ ಒಂದು ಮಾತಿದೆ, ಹೇಳಿಬಿಡುತ್ತೇನೆ. 5ನೇ ಶತಮಾನದಲ್ಲಿ ಶ್ರೀಲಂಕೆಯಲ್ಲಿ ಬೌದ್ಧ ಪಂಡಿತ ಬುದ್ಧಘೋಷ ಬರೆದ ‘ವಿಸುದ್ಧಿಮಗ್ಗ’ ಎಂಬ ಗ್ರಂಥ ಮನಸ್ಸು ನಿಲ್ಲಿಸಲು 40 ವಿಷಯಗಳನ್ನು ಎಣಿಸಿ ಕೊಡುತ್ತದೆ. ಬಹಳ ಕಟ್ಟುನಿಟ್ಟಿನ ದಾರಿ. ಮನಸ್ಸು ಪೂರ್ತಿ ಮುಳುಗುವ ತನಕ ಆ ದಾರಿಯವರು ಝಾನ ಎಂಬ ಮಾತೇ ಎತ್ತುವುದಿಲ್ಲ. ಗುರು ಬೇಕು, ಅಭ್ಯಾಸ ಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ.

ಈಗ ಬುದ್ಧನ ಮಾತುಗಳನ್ನು ಹಿಡಿದಿಟ್ಟ ಸುತ್ತಗಳಲ್ಲಿ ಒಂದಾದ ‘ಮಹಾಸಚ್ಚಕ ಸುತ್ತ’ಕ್ಕೆ ಬನ್ನಿ. ಅಲ್ಲಿ ಬುದ್ಧ ತನ್ನ ಕಥೆ ತಾನೇ ಹೇಳುತ್ತಾನೆ. ಆಳಾರ ಕಾಲಾಮ, ಉದ್ದಕ ರಾಮಪುತ್ತ ಎಂಬ ಇಬ್ಬರು ಗುರುಗಳ ಹತ್ತಿರ ಅವರಿಗೆ ಗೊತ್ತಿದ್ದ ಅತಿ ಮೇಲಿನ ಸ್ಥಿತಿಗಳನ್ನೆಲ್ಲ ಕಲಿತ. ತೃಪ್ತಿಯಾಗಲಿಲ್ಲ. ಆಮೇಲೆ ಹಲ್ಲು ಕಚ್ಚಿದ, ಉಸಿರು ಬಿಗಿಹಿಡಿದ, ಅನ್ನ ಬಿಟ್ಟ. ಹೊಟ್ಟೆ ಮುಟ್ಟಿದರೆ ಬೆನ್ನೆಲುಬು ಕೈಗೆ ಸಿಗುವ ಹಾಗಾಯಿತು. ಏನೂ ದಕ್ಕಲಿಲ್ಲ. ಆಗ ನೆನಪಾದದ್ದು ಒಂದು ಹಳೆಯ ದಿನ. ಅಪ್ಪ ತನ್ನ ಕೆಲಸದಲ್ಲಿದ್ದ. ಇವನು ಜಂಬುನೇರಳೆ ಮರದ ತಣ್ಣನೆ ನೆರಳಲ್ಲಿ ಸುಮ್ನೆ ಕೂತಿದ್ದ. ಕೂತಲ್ಲೇ ಮೊದಲ ಝಾನಕ್ಕೆ ಜಾರಿದ್ದ. ಆಸೆಗೂ ಕೆಡುಕಿಗೂ ಸೇರದ ಆ ಸುಖಕ್ಕೆ ನಾನು ಯಾಕೆ ಹೆದರುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡ. ಮೊದಲು ಊಟ ಮಾಡಿದ. ಆಮೇಲೆ ಕೂತ.

ಇದನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅಷ್ಟೆಲ್ಲ ಕಲಿತವನಿಗೆ ದಾರಿ ಸಿಕ್ಕಿದ್ದು ಮರದ ನೆರಳಲ್ಲಿ ಹಾಯಾಗಿ ಕೂತ ನೆನಪಿನಿಂದ!

‘ಸಾಮಞ್ಞಫಲ ಸುತ್ತ’ದಲ್ಲಿ ಅವನು ರಾಜ ಅಜಾತಶತ್ರುವಿಗೆ ಕೊಡುವ ಹೋಲಿಕೆ ನಮ್ಮ ಭಾಗದವರಿಗೆ ಬೇಗ ತಿಳಿಯುತ್ತದೆ. ಸ್ನಾನ ಮಾಡಿಸುವವನು ಸ್ನಾನದ ಪುಡಿಗೆ ನೀರು ಚಿಮುಕಿಸಿ ನಾದುತ್ತಾನೆ. ಉಂಡೆಯ ಒಳಗೂ ಹೊರಗೂ ತೇವ ಹರಡುತ್ತದೆ, ಆದರೆ ತೊಟ್ಟಿಕ್ಕುವುದಿಲ್ಲ. ಮೊದಲ ಝಾನದ ಹಿತ ಮೈಯಲ್ಲಿ ಹರಡುವುದು ಹೀಗೆ. ನನಗೆ ನೆನಪಾಗುವುದು ನಮ್ಮ ಅವ್ವ. ಪರಾತದಲ್ಲಿ ಜೋಳದ ಹಿಟ್ಟು ಹಾಕಿ, ನಡುವೆ ಕುಳಿ ಮಾಡಿ, ಎಸರು ಸುರಿದು, ಅಂಗೈ ಬುಡದಿಂದ ಒತ್ತಿ ಒತ್ತಿ ನಾದುತ್ತಿದ್ದಳು. ನೀರು ಕಡಿಮೆಯಾದರೆ ರೊಟ್ಟಿಯ ಅಂಚು ಬಿರಿಯುತ್ತದೆ. ಜಾಸ್ತಿಯಾದರೆ ಕೈಗೆ ಅಂಟುತ್ತದೆ. ಹದ ಬಂದ ಮೇಲೆ ಉಂಡೆಯಲ್ಲಿ ನೀರು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದಿಲ್ಲದ ಜಾಗವೂ ಇರುವುದಿಲ್ಲ. ನಾದುವಾಗ ಅವಳು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಹದ ಬಂತೋ ಇಲ್ಲವೋ ಎಂದು ಕೈ ತೆಗೆದು ತೆಗೆದು ನೋಡುತ್ತಲೂ ಇರಲಿಲ್ಲ.

ನೀವು ಮಾತ್ರ ಕೈ ತೆಗೆದು ನೋಡುತ್ತಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ. ಝಾನಕ್ಕೆ ಅಡ್ಡ ಬರುವ ಐದರ ಪಟ್ಟಿಯಲ್ಲಿ ಚಡಪಡಿಕೆಯೂ ಇದೆ, ಅನುಮಾನವೂ ಇದೆ. ‘ಇವತ್ತು ನಾಲ್ಕೋ ಮೂರೋ’ ಎನ್ನುವಾಗ ಎರಡನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೀರಿ. ಎರಡು ತಾಸು ಜಾಸ್ತಿ ಕೂತರೆ ಅವೂ ಎರಡು ತಾಸು ಜಾಸ್ತಿ ಕೂರುತ್ತವೆ, ಅಲ್ವಾ?

ತಪ್ಪು ನಿಮ್ಮೊಬ್ಬರದ್ದಲ್ಲ. ಉಣಕಲ್ ಕೆರೆ ದಂಡೆಯಲ್ಲಿ ಸಂಜೆ ನಡೆಯುವವರು ಕೆರೆಯತ್ತ ತಿರುಗುವುದಿಲ್ಲ, ಮಣಿಕಟ್ಟಿನ ಗಡಿಯಾರದಲ್ಲಿ ಹೆಜ್ಜೆ ನೋಡುತ್ತಾರೆ. ನಮ್ಮ ಓಣಿಯ ಹುಡುಗಿಯೊಬ್ಬಳು ಮೊದಲು ತಂಬೂರಿ ಹಿಡಿದು ಕಣ್ಣು ಮುಚ್ಚಿ ಅರ್ಧ ತಾಸು ‘ಸಾ’ದಲ್ಲೇ ಇರುತ್ತಿದ್ದಳು. ಈಗ ಸಂಗೀತ ಪರೀಕ್ಷೆ ಬಂದಿದೆ. ‘ಸಾ’ ಹಚ್ಚುವಾಗಲೂ ಕಣ್ಣು ಮೊಬೈಲ್ ಮೇಲೆ, ಸ್ವರ ಎಷ್ಟು ಸರಿ ಇದೆ ಎಂದು ಅದು ಹೇಳಬೇಕು. ಧಾರವಾಡಕ್ಕೆ ಕೋಚಿಂಗ್‌ಗೆ ಬರುವ ಮಕ್ಕಳಿಗೆ ಅಂಕವಿಲ್ಲದ ಪುಸ್ತಕ ಹಿಡಿದು ಒಂದು ಮಧ್ಯಾಹ್ನ ಕಳೆಯುವ ಸುಖವನ್ನು ನಾವು ಉಳಿಸಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಒಂದು ಶಾಸನವಿದೆ. ಅಲ್ಲಿ 16 ಸೆಟ್ಟರು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು, ಬೌದ್ಧ ದೇವತೆ ತಾರಾದೇವಿಗೆ ದತ್ತಿ ಬಿಟ್ಟಿದ್ದನ್ನು ಅದು ಹೇಳುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಲೆಕ್ಕ ಬರೆಯುವ ವ್ಯಾಪಾರಿಗಳು, ಲೆಕ್ಕ ಬಿಟ್ಟು ಕೂರುವವರಿಗಾಗಿ ನಮ್ಮ ಎರೆ ಭೂಮಿಯಲ್ಲೇ ಜಾಗ ಮಾಡಿಕೊಟ್ಟಿದ್ದರು.

ಆ ನೋಟ್‌ಬುಕ್ಕನ್ನು ಕಪಾಟಿನ ಮೇಲಿನ ಖಾನೆಗೆ ಹಾಕಿ. ಗಡಿಯಾರ ಬೇರೆ ಕೋಣೆಯಲ್ಲಿರಲಿ. ಉಸಿರು ಬಂದಾಗ ಬಂತು, ಹೋದಾಗ ಹೋಯಿತು, ಅಷ್ಟೇ ನೋಡಿ. ಸಣ್ಣ ಹಿತ ಬಂದರೂ ಅದನ್ನು ಓಡಿಸಬೇಡಿ. ಒಂದು ದಿನ ಕೋಣೆ ಬಿಟ್ಟು ಆ ಬೇವಿನ ಮರದ ಕೆಳಗೇ ಚಾಪೆ ಹಾಸಿ. ಯುಗಾದಿ ಹೊತ್ತಿಗೆ ಮರ ಹೂ ಬಿಟ್ಟಿರುತ್ತದೆ. ಆಗ ಇನ್ನೊಂದು ಕಾಗದ ಬರೆಯಿರಿ, ಹೂವಿನ ವಾಸನೆ ಹೇಗಿತ್ತು ಅಂತ.