ಬಿಸಿಜಿ (ಕ್ಷಯದ ಲಸಿಕೆ) ಹಾಕಿದ ಜಾಗ ಈಗ ಕೆಂಪಗಾಗಿದೆ, ಜ್ವರವೂ ಬಿಡುತ್ತಿಲ್ಲ. ಎರಡಕ್ಕೂ ಸಂಬಂಧ ಇದೆಯಾ?

ಎಂಟು ತಿಂಗಳ ಮಗಳಿಗೆ ನಾಲ್ಕು ದಿನದಿಂದ ಜ್ವರ, ಹುಟ್ಟಿದಾಗ ಹಾಕಿಸಿದ ಬಿಸಿಜಿ ಗುರುತು ಈಗ ಊದಿದೆ, ಮನೆಯವರು ಸೊಳ್ಳೆ ಕಚ್ಚಿರಬೇಕು ಅನ್ನುತ್ತಾರೆ ಅಂತ ಬರೆದಿದ್ದೀರಿ. ಸಂಬಂಧ ಇರಬಹುದು. ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ, ತೋಳನ್ನೂ ತೋರಿಸಿ. ನಾನು ಡಾಕ್ಟರ್ ಅಲ್ಲ, ನಿಮ್ಮ ಹಾಗೆ ಪುಣೆಯಲ್ಲೇ ಇರೋಳು, ಚಿಂಚವಾಡದಲ್ಲಿ. ನನ್ನ ಮಗನಿಗೆ ಹೀಗೇ ಆಗಿ, ಕೊನೆಗೆ ಕಾವಾಸಾಕಿ ಕಾಯಿಲೆ ಅಂತ ಗೊತ್ತಾಯಿತು.

ಇದು ರಕ್ತನಾಳಗಳಿಗೆ ಉರಿಯೂತ ಬರುವ ಕಾಯಿಲೆ. ಐದು ವರ್ಷದೊಳಗಿನ ಮಕ್ಕಳಲ್ಲೇ ಜಾಸ್ತಿ. ಜಪಾನಿನ ಡಾಕ್ಟರ್ ತೊಮಿಸಾಕು ಕಾವಾಸಾಕಿ 1967ರಲ್ಲಿ ಇದರ ಬಗ್ಗೆ ಮೊದಲು ಬರೆದರು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಐದು ದಿನವಾದರೂ ಬಿಡದ ಜ್ವರ, ಗೀಜಿಲ್ಲದೆ ಕೆಂಪಾದ ಎರಡೂ ಕಣ್ಣು, ಒಡೆದ ತುಟಿ, ಕೆಂಪು ನಾಲಿಗೆ, ಮೈಮೇಲೆ ಗಂಧೆ, ಊದಿದ ಅಂಗೈ ಅಂಗಾಲು, ಕತ್ತಿನಲ್ಲಿ ಗಡ್ಡೆ. ಇವು ಎಲ್ಲರೂ ಹೇಳುವ ಲಕ್ಷಣಗಳು. ಪುಟ್ಟ ಮಕ್ಕಳಲ್ಲಿ ಇವೆಲ್ಲ ಒಟ್ಟಿಗೆ ಬರಲೇಬೇಕಂತಿಲ್ಲ. ಒಂದು ಬಂದು ಹೋದಮೇಲೆ ಇನ್ನೊಂದು ಬರಬಹುದು. ಹಾಗಾಗಿ ಕಂಡದ್ದನ್ನೆಲ್ಲ ಫೋಟೋ ತೆಗೆದಿಡಿ. ನಮ್ಮ ಡಾಕ್ಟರ್ ನೋಡುವಷ್ಟರಲ್ಲಿ ಮಗನ ಗಂಧೆ ಮಾಯವಾಗಿತ್ತು, ಮೊಬೈಲಿನಲ್ಲಿ ಮಾತ್ರ ಇತ್ತು.

ಅವನ ತೋಳಿನ ಗುರುತಿನ ಸುತ್ತ ರೂಪಾಯಿ ನಾಣ್ಯದಷ್ಟು ಕೆಂಪಾಗಿ, ನಡುವೆ ಸಣ್ಣ ಹಕ್ಕಳೆ ಕಟ್ಟಿತ್ತು. ಅಂಗಿ ತೊಡಿಸಲು ಹೋದರೆ ಚೀರುತ್ತಿದ್ದ. ಹಾಲು ಕೊಟ್ಟರೂ ಎತ್ತಿಕೊಂಡರೂ ಅಳು ನಿಲ್ಲುತ್ತಿರಲಿಲ್ಲ. ವಿಜಯಪುರದಿಂದ ಬಂದಿದ್ದ ಅತ್ತೆ ದೃಷ್ಟಿ ತೆಗೆದರು. ತೆಗೆಯಲಿ ಬಿಡಿ, ಅದರಿಂದ ನಷ್ಟವೇನಿಲ್ಲ. ಆದರೆ ಈ ಪರಿ ಕಿರಿಕಿರಿಯೂ ಈ ಕಾಯಿಲೆಯ ಲಕ್ಷಣವೇ ಅಂತ ಆಮೇಲೆ ತಿಳಿಯಿತು.

ಇನ್ನೊಂದು ವಿಷಯ, ಮೂತ್ರ ಪರೀಕ್ಷೆ. ಮಗನ ರಿಪೋರ್ಟಿನಲ್ಲಿ ಕೀವಿನ ಕಣಗಳು ಕಂಡವು. ಹತ್ತಿರದ ಕ್ಲಿನಿಕ್‌ನಲ್ಲಿ ಮೂತ್ರದ ಸೋಂಕು ಅಂತ ಆ್ಯಂಟಿಬಯೋಟಿಕ್ ಶುರು ಮಾಡಿದರು. ಕಲ್ಚರ್‌ನಲ್ಲಿ ರೋಗಾಣು ಏನೂ ಬೆಳೆಯಲಿಲ್ಲ, ಜ್ವರವೂ ಜಗ್ಗಲಿಲ್ಲ. ಕಾವಾಸಾಕಿಯಲ್ಲಿ ಹೀಗಾಗುವುದುಂಟು. ಡಯಾಪರ್ ಕಟ್ಟುವ ಜಾಗದಲ್ಲಿ ಚರ್ಮ ಕೆಂಪಾಗಿ ಸುಲಿಯುತ್ತಿದೆಯಾ ಅಂತಲೂ ನೋಡಿ, ಅದು ಬೇಗ ಕಾಣುತ್ತದೆ. ಬೆರಳ ತುದಿ ಸುಲಿಯುವುದು ಎರಡನೇ ವಾರದಿಂದೀಚೆಗೆ. ಅದನ್ನು ಕಾಯುತ್ತಾ ಕೂತರೆ ತಡವಾಗುತ್ತದೆ.

ತಡ ಯಾಕಾಗಬಾರದು ಅಂದರೆ, ಚಿಕಿತ್ಸೆ ಸಿಗದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಉಬ್ಬುತ್ತವೆ. ಜ್ವರ ಬಂದ 10 ದಿನದೊಳಗೆ ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಡ್ರಿಪ್ ಕೊಟ್ಟರೆ ಆ ಅಪಾಯ ನೂರಕ್ಕೆ ಐದರ ಆಸುಪಾಸಿಗೆ ಇಳಿಯುತ್ತದೆ. ಒಂದು ಕೆಜಿ ತೂಕಕ್ಕೆ 2 ಗ್ರಾಂ ಲೆಕ್ಕ. ದುಬಾರಿ, ಇನ್ಶೂರೆನ್ಸ್ ಕಾಗದ ಕೈಯಲ್ಲೇ ಇರಲಿ. ಜೊತೆಗೆ ಆ್ಯಸ್ಪಿರಿನ್ ಕೊಡುತ್ತಾರೆ, ಅದನ್ನು ನೀವಾಗಿ ಮಾತ್ರ ಕೊಡಬೇಡಿ.

ಡಾಕ್ಟರನ್ನು ನೇರವಾಗಿ ಕೇಳಿ: "ಕಾವಾಸಾಕಿ ಇರಬಹುದಾ? ಸಿಆರ್‌ಪಿ, ಇಎಸ್‌ಆರ್, ಎಕೋ ಮಾಡಿಸಬೇಕಾ?" ಮೊದಲೆರಡು ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ಎಕೋ ಅಂದರೆ ಹೃದಯದ ಸ್ಕ್ಯಾನ್. ಮೊದಲ ಎಕೋ ಸರಿ ಬಂದರೂ ಕಾಯಿಲೆ ಇಲ್ಲ ಅಂತಾಗುವುದಿಲ್ಲ. ಲಸಿಕೆ ಕಾರ್ಡನ್ನೂ ಒಯ್ಯಿರಿ. ಒಂಬತ್ತನೇ ತಿಂಗಳ ದಡಾರ ಲಸಿಕೆ ಬರುತ್ತಿದೆಯಲ್ಲ, ಆ ಡ್ರಿಪ್ ಹಾಕಿದರೆ ಅದನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ.