ಓದುಗರ ಪ್ರಶ್ನೆಗಳಿಗೆ ಉತ್ತರ: ದೇಹದ ರಚನೆ ಮತ್ತು ಕೆಲಸ, ಮೊದಲ ಓದು

ಪ್ರಶ್ನೆ: ನಾನು ನರ್ಸಿಂಗ್ ಕೋರ್ಸಿನ ಮೊದಲ ವರ್ಷದಲ್ಲಿದ್ದೇನೆ. ಇದಕ್ಕೂ ಮೊದಲು ಓದಿದ್ದು ಕಲಾ ವಿಷಯಗಳನ್ನು. ಅಂಗರಚನಾಶಾಸ್ತ್ರವನ್ನು ಒಬ್ಬರು, ಅಂಗಕ್ರಿಯಾಶಾಸ್ತ್ರವನ್ನು ಇನ್ನೊಬ್ಬರು ಪಾಠ ಮಾಡುತ್ತಾರೆ. ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ನನಗೆ ಬರುತ್ತದೆ. ಆದರೆ ಎಡ ಹೃತ್ಕುಕ್ಷಿಯ (ರಕ್ತವನ್ನು ಹೊರಕ್ಕೆ ನೂಕುವ ಕೆಳಕೋಣೆಯ) ಗೋಡೆ ಬಲಗಡೆಯದಕ್ಕಿಂತ ಏಕೆ ದಪ್ಪ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಎರಡು ವಿಷಯಗಳಲ್ಲಿ ಯಾವುದನ್ನು ಮೊದಲು ಓದಿ ಮುಗಿಸಬೇಕು?

ಉತ್ತರ: ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಪಾಠದ ಅನುಕೂಲಕ್ಕಾಗಿ ಇವನ್ನು ಎರಡಾಗಿ ವಿಂಗಡಿಸಿದ್ದಾರೆಯೇ ಹೊರತು, ಯಾವ ಅಂಗದಲ್ಲೂ ರಚನೆಯನ್ನು ಬಿಟ್ಟು ಕೆಲಸವಾಗಲಿ, ಕೆಲಸವನ್ನು ಬಿಟ್ಟು ರಚನೆಯಾಗಲಿ ಅರ್ಥವಾಗುವುದಿಲ್ಲ. ಅದಕ್ಕೆ ನಿಮ್ಮನ್ನು ಕಟ್ಟಿಹಾಕಿದ ಆ ಪ್ರಶ್ನೆಯೇ ಸಾಕ್ಷಿ.

ವಯಸ್ಕರ ಹೃದಯ ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 70 ಬಾರಿ ಬಡಿಯುತ್ತದೆ ಮತ್ತು ಪ್ರತಿ ಬಡಿತಕ್ಕೂ ಒಂದೊಂದು ಹೃತ್ಕುಕ್ಷಿಯಿಂದ ಸುಮಾರು 70 ಮಿಲಿಲೀಟರ್ ರಕ್ತ ಹೊರಹೋಗುತ್ತದೆ; ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 5 ಲೀಟರ್. ಎಡ ಹೃತ್ಕುಕ್ಷಿ ಇಡೀ ದೇಹಕ್ಕೆ ರಕ್ತ ಕಳುಹಿಸಬೇಕಾದ್ದರಿಂದ ಹೆಚ್ಚು ರಕ್ತವನ್ನು ನೂಕುತ್ತದೆ, ಆದ್ದರಿಂದ ಅದರ ಗೋಡೆ ದಪ್ಪ ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುವವರು ಬಹಳ ಮಂದಿ. ಅದು ಸರಿಯಲ್ಲ. ಬಲಗಡೆಯಿಂದ ಶ್ವಾಸಕೋಶಕ್ಕೆ ಹೋದ ರಕ್ತವೇ ತಿರುಗಿ ಎಡಗಡೆಗೆ ಬರಬೇಕಾದ್ದರಿಂದ ಎರಡೂ ಕಡೆ ನೂಕುವ ಪ್ರಮಾಣ ಸಮನಾಗಿಯೇ ಇರಬೇಕು. ಬಡಿತವೊಂದಕ್ಕೆ ಬರೀ ಒಂದು ಮಿಲಿಲೀಟರ್ ರಕ್ತ ಎಡಗಡೆಯಿಂದ ಕಡಿಮೆ ಹೋಗುತ್ತಾ ಬಂದರೂ, ಒಂದು ಗಂಟೆಯಲ್ಲಿ 4 ಲೀಟರಿಗೂ ಹೆಚ್ಚು ರಕ್ತ ಶ್ವಾಸಕೋಶದಲ್ಲಿ ತುಂಬಿಕೊಳ್ಳಬೇಕಾಗುತ್ತದೆ. ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಇದು ಆಗದ ಮಾತೆಂದು ತಿಳಿಯುತ್ತದೆ.

ವ್ಯತ್ಯಾಸವಿರುವುದು ಒತ್ತಡದಲ್ಲಿ. ಎಡ ಹೃತ್ಕುಕ್ಷಿ ಸಂಕುಚಿಸಿದಾಗ, ಅಲ್ಲಿಂದ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯಲ್ಲಿ ಪಾದರಸದ ಸುಮಾರು 120 ಮಿಲಿಮೀಟರಿನಷ್ಟು ಒತ್ತಡ ಹುಟ್ಟುತ್ತದೆ. ಶ್ವಾಸಕೋಶದ ಅಪಧಮನಿಯಲ್ಲಿ ಅದು ಸುಮಾರು 25 ಮಾತ್ರ. ಒಂದೇ ಪ್ರಮಾಣದ ರಕ್ತವನ್ನು ನಾಲ್ಕೈದು ಪಟ್ಟು ಹೆಚ್ಚು ಒತ್ತಡದಲ್ಲಿ ನೂಕುವ ಸ್ನಾಯು ದಪ್ಪವಾಗಿಯೇ ಇರಬೇಕು. ಹಾಗಾದರೆ ಶ್ವಾಸಕೋಶದ ಕಡೆ ಒತ್ತಡ ಇಷ್ಟು ಕಡಿಮೆ ಏಕೆ ಎಂದು ನೀವು ಮುಂದಿನ ಪ್ರಶ್ನೆ ಕೇಳಬೇಕು. ಅಲ್ಲಿ ಗಾಳಿಗೂಡಿನೊಳಗಿನ ಗಾಳಿಗೂ ರಕ್ತಕ್ಕೂ ನಡುವೆ ಇರುವ ಪರದೆ, ತೀರ ತೆಳುವಾದ ಕಡೆಗಳಲ್ಲಿ, ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಆಮ್ಲಜನಕ ಸುಲಭವಾಗಿ ದಾಟಲೆಂದು ಇರುವ ಆ ತೆಳುಪರದೆಯ ಮೇಲೆ ಒತ್ತಡ ಹೆಚ್ಚಿದರೆ ರಕ್ತದೊಳಗಿನ ನೀರಿನಂಶ ಗಾಳಿಗೂಡುಗಳ ಒಳಕ್ಕೆ ಜಿನುಗುತ್ತದೆ. ಎಡ ಹೃತ್ಕುಕ್ಷಿ ಸೋತ ರೋಗಿಗಳಲ್ಲಿ ಆಗುವುದು ಇದೇ: ಮುಂದಕ್ಕೆ ಹೋಗಲಾರದ ರಕ್ತ ಹಿಂದೆ ಶ್ವಾಸಕೋಶದಲ್ಲಿ ಕಟ್ಟಿಕೊಂಡು, ಅಲ್ಲಿ ಒತ್ತಡ ಏರಿ, ರೋಗಿಗೆ ಉಸಿರು ಸಿಕ್ಕಿಕೊಳ್ಳುತ್ತದೆ, ಮಲಗಿದರೆ ಕಾಲು ಮತ್ತು ಹೊಟ್ಟೆಯ ಭಾಗದ ರಕ್ತವೂ ಎದೆಯ ಕಡೆಗೆ ಬರುವುದರಿಂದ ತೊಂದರೆ ಇನ್ನಷ್ಟಾಗುತ್ತದೆ. ನಾಳೆ ವಾರ್ಡಿನಲ್ಲಿ ಇಂಥ ರೋಗಿಯ ಮಂಚದ ತಲೆಭಾಗವನ್ನು ನೀವು ಎತ್ತರಿಸುವಾಗ, ಇಂದಿನ ಗೋಡೆಯ ದಪ್ಪದ ಪ್ರಶ್ನೆಗೇ ಉತ್ತರ ಕೊಡುತ್ತಿರುತ್ತೀರಿ.

ಆದ್ದರಿಂದ ಎರಡು ಪುಸ್ತಕಗಳನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು, ಒಂದೊಂದೇ ಅಂಗವನ್ನು ಎರಡರಲ್ಲೂ ಓದಿ. ಜೀವಕೋಶದ ಪೊರೆಯನ್ನು ವಸ್ತುಗಳು ಹೇಗೆ ದಾಟುತ್ತವೆ ಎಂಬ ಅಧ್ಯಾಯವನ್ನು ಮಾತ್ರ ಎಲ್ಲಕ್ಕಿಂತ ಮೊದಲು ಓದಬೇಕು. ಅದನ್ನು ಬೇಸರದಿಂದ ಹಾರಿಸಿದವರು ಶ್ವಾಸಕೋಶ, ಮೂತ್ರಪಿಂಡ, ನರ ಈ ಮೂರರಲ್ಲೂ ಎಡವುತ್ತಾರೆ.

ಪ್ರಶ್ನೆ: ಒಂದು ಪುಸ್ತಕದಲ್ಲಿ ಮನುಷ್ಯನ ದೇಹದಲ್ಲಿ 206 ಮೂಳೆಗಳಿವೆ ಎಂದಿದೆ, ಇನ್ನೊಂದರಲ್ಲಿ ಮಗುವಿಗೆ 300ರ ಆಸುಪಾಸು ಎಂದಿದೆ. ಉಳಿದವು ಎಲ್ಲಿ ಹೋಗುತ್ತವೆ?

ಉತ್ತರ: ಎಲ್ಲಿಗೂ ಹೋಗುವುದಿಲ್ಲ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆನ್ನುಮೂಳೆಯ ಬುಡದಲ್ಲಿ ಬೇರೆಬೇರೆಯಾಗಿದ್ದ 5 ಕಶೇರುಕಗಳು ಪ್ರಾಯಕ್ಕೆ ಬರುವ ಹೊತ್ತಿಗೆ ಕೂಡಿಕೊಂಡು ಒಂದೇ ಮೂಳೆಯಾಗುತ್ತವೆ. ಹುಟ್ಟುವಾಗ ಎರಡು ತುಂಡಾಗಿರುವ ಹಣೆಯ ಮೂಳೆ ಸಾಮಾನ್ಯವಾಗಿ ಬಾಲ್ಯದಲ್ಲೇ ಒಂದಾಗುತ್ತದೆ. ಮಗುವಿನ ನೆತ್ತಿಯ ಮೆತ್ತನೆಯ ಭಾಗವನ್ನು ಮುಟ್ಟಿ ನೋಡಿದವರಿಗೆ ತಲೆಬುರುಡೆ ಹುಟ್ಟಿನಲ್ಲಿ ಪೂರ್ತಿ ಕೂಡಿರುವುದಿಲ್ಲ ಎಂಬುದು ಗೊತ್ತಿರುತ್ತದೆ. ಮಗುವಿನಲ್ಲಿ ಇನ್ನೂ ಗಟ್ಟಿ ಮೂಳೆಯಾಗದೆ ಬಾಗುವ ಮೃದ್ವಸ್ಥಿಯಾಗಿರುವ ಭಾಗಗಳನ್ನು ಮೂಳೆಯೆಂದು ಎಣಿಸುವುದೇ ಬಿಡುವುದೇ ಎಂಬುದರ ಮೇಲೆ ಲೆಕ್ಕ ಬದಲಾಗುವುದರಿಂದ, 270 ಎಂದೂ 300 ಎಂದೂ ಬೇರೆಬೇರೆ ಪುಸ್ತಕಗಳು ಬರೆಯುತ್ತವೆ. ವಯಸ್ಕರಲ್ಲೂ ಕೆಲವರಿಗೆ ಹೆಚ್ಚಿನ ಪಕ್ಕೆಲುಬೋ, ಟೆಂಡನ್ನಿನೊಳಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯೊಳಗೆ) ಬೆಳೆದ ಸಣ್ಣ ಮೂಳೆಯೋ ಇರುವುದುಂಟು. ಸಂಖ್ಯೆಗೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಬೇಡ.

ಪ್ರಶ್ನೆ: ಚಿತ್ರಗಳಲ್ಲಿ ಅಭಿಧಮನಿಗಳಿಗೆ ನೀಲಿ ಬಣ್ಣ ಕೊಟ್ಟಿರುತ್ತಾರೆ. ಕೈಯ ಮೇಲೂ ಅವು ನೀಲಿಯಾಗಿಯೇ ಕಾಣುತ್ತವೆ. ಅಶುದ್ಧ ರಕ್ತ ನೀಲಿಯೇ?

ಉತ್ತರ: ಅಲ್ಲ. ಆಮ್ಲಜನಕ ಕಡಿಮೆಯಿರುವ ರಕ್ತವೂ ಕೆಂಪೇ, ಬಣ್ಣ ಸ್ವಲ್ಪ ಗಾಢ, ಅಷ್ಟೆ. ರಕ್ತಪರೀಕ್ಷೆಗೆ ಕೊಡುವಾಗ ಸಿರಿಂಜಿನಲ್ಲಿ ನೀವು ನೋಡುವುದು ಅದನ್ನೇ. ಕೈಯ ಮೇಲೆ ಅದು ನೀಲಿಯಾಗಿ ತೋರುವುದು, ಚರ್ಮದೊಳಗೆ ಇಳಿದ ಬೆಳಕು ಚದುರಿ ಹಿಂದಿರುಗುವ ಬಗೆಯಿಂದ. ಅಪಧಮನಿ ಎಂದರೆ ಶುದ್ಧ ರಕ್ತ ಒಯ್ಯುವುದು ಎಂಬ ವಿವರಣೆಯನ್ನೂ ಇದೇ ಜೊತೆಗೆ ಮರೆತುಬಿಡಿ. ಹೃದಯದಿಂದ ಹೊರಕ್ಕೆ ರಕ್ತ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಶ್ವಾಸಕೋಶದ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತವೇ.

ಪ್ರಶ್ನೆ: ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಕುತೂಹಲಕ್ಕಾಗಿ ಓದುತ್ತಿದ್ದೇನೆ. ಪ್ರಯೋಗಾಲಯವಿಲ್ಲದೆ, ಮೃತದೇಹದ ಛೇದನವನ್ನು ನೋಡದೆ ಅಂಗರಚನೆಯನ್ನು ಕಲಿಯಲು ಸಾಧ್ಯವೇ?

ಉತ್ತರ: ವೈದ್ಯರಾಗುವವರಿಗೆ ಸಾಲದು, ನಿಮಗೆ ಧಾರಾಳವಾಗಿ ಸಾಧ್ಯ. ಚಿತ್ರಗಳನ್ನು ನೋಡುವ ಮುನ್ನ ಒಂದು ಕಟ್ಟಳೆಯನ್ನು ತಿಳಿದುಕೊಳ್ಳಿ: ದೇಹ ನೆಟ್ಟಗೆ ನಿಂತು, ಅಂಗೈಗಳನ್ನು ಮುಂದಕ್ಕೆ ತಿರುಗಿಸಿಕೊಂಡಿದೆ ಎಂದು ಭಾವಿಸಿಯೇ ಎಲ್ಲ ವಿವರಣೆಗಳನ್ನೂ ಬರೆದಿರುತ್ತಾರೆ, ಮತ್ತು ಎಡಬಲಗಳು ಚಿತ್ರದಲ್ಲಿರುವ ದೇಹದವು, ನೋಡುವವರವಲ್ಲ.

ಇನ್ನು ನಿಮ್ಮ ದೇಹವನ್ನೇ ಮುಟ್ಟಿ ನೋಡಿ. ಎರಡು ಕಾಲರ್ ಮೂಳೆಗಳ ನಡುವಿನ ಗುಳಿಯಿಂದ ಎದೆಯ ಮೂಳೆಯ ಮೇಲೆ ಬೆರಳನ್ನು ಕೆಳಗೆ ಜಾರಿಸಿದರೆ, ಸುಮಾರು 5 ಸೆಂಟಿಮೀಟರ್ ಕೆಳಗೆ ಅಡ್ಡಲಾಗಿ ಒಂದು ದಿಬ್ಬ ತಗಲುತ್ತದೆ. ಅದರ ಎರಡೂ ಪಕ್ಕಕ್ಕೆ ಸೇರಿಕೊಂಡಿರುವುದು ಎರಡನೆಯ ಪಕ್ಕೆಲುಬು. ಮೊದಲನೆಯದು ಕಾಲರ್ ಮೂಳೆಯ ಹಿಂದೆ ಅಡಗಿರುವುದರಿಂದ ಎಣಿಕೆಯನ್ನು ಇಲ್ಲಿಂದಲೇ ಆರಂಭಿಸಬೇಕು. ಎಡಗಡೆ ಒಂದೊಂದೇ ಪಕ್ಕೆಲುಬನ್ನು ಎಣಿಸುತ್ತಾ ಇಳಿದು, ಐದನೆಯದರ ಕೆಳಗಿನ ಸಂದಿನಲ್ಲಿ, ಕಾಲರ್ ಮೂಳೆಯ ನಡುಭಾಗದ ನೇರಕ್ಕೆ ಬೆರಳಿಟ್ಟರೆ ಹೃದಯದ ತುದಿಯ ಬಡಿತ ಸಿಗುತ್ತದೆ. ಸಿಗದಿದ್ದರೆ ಗಾಬರಿಯಾಗದೆ ಎಡಕ್ಕೆ ಹೊರಳಿ ಮಲಗಿ ಮತ್ತೆ ನೋಡಿ. ಹೃದಯ ಪೂರ್ತಿ ಎಡಗಡೆಯಲ್ಲಿದೆ ಎಂಬ ನಂಬಿಕೆ ಹುಟ್ಟಿದ್ದು ಬಹುಶಃ ಈ ತುದಿಯಿಂದಲೇ; ಅದರ ಮೂರನೆಯ ಒಂದು ಭಾಗದಷ್ಟು ದೇಹದ ನಡುಗೆರೆಯ ಬಲಕ್ಕಿದೆ.

ಕೈಯನ್ನು ತೆಗೆದುಕೊಳ್ಳಿ. ಮೊಣಕೈಯನ್ನು ಮಡಚಿ, ಇನ್ನೊಂದು ಕೈಯನ್ನು ತೋಳಿನ ಮುಂಭಾಗದ ಸ್ನಾಯುವಿನ ಮೇಲಿಟ್ಟು, ಸ್ಕ್ರೂವನ್ನು ಬಲಗೈಯಿಂದ ಬಿಗಿಮಾಡುವವರಂತೆ ಅಂಗೈಯನ್ನು ಜೋರಾಗಿ ಮೇಲ್ಮುಖವಾಗಿ ತಿರುಗಿಸಿ. ಬೈಸೆಪ್ಸ್ ಉಬ್ಬುವುದು ಗೊತ್ತಾಗುತ್ತದೆ. ಮೊಣಕೈ ಮಡಚುವುದಷ್ಟೇ ಅದರ ಕೆಲಸವೆಂದು ಶಾಲೆಯ ಪಾಠ ಹೇಳಿರುತ್ತದೆ. ಅಂಗೈಯನ್ನು ಮೇಲಕ್ಕೆ ತಿರುಗಿಸುವುದೂ ಅದರದೇ ಕೆಲಸ. ಈಗ ಮುಂಗೈಯನ್ನು ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ಆಡಿಸಿ. ಹಿಡಿತದೊಳಗೆ ಚಲನೆ ತಗಲುತ್ತದೆ, ಏಕೆಂದರೆ ಬೆರಳುಗಳನ್ನು ಮಡಚಿ ಬಿಡಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ. ಅವು ಮುಂಗೈಯಲ್ಲಿ ಮತ್ತು ಅಂಗೈಯಲ್ಲಿದ್ದು, ಟೆಂಡನ್ನುಗಳ ಮೂಲಕ ಬೆರಳನ್ನು ಎಳೆಯುತ್ತವೆ. ಬೆರಳೊಂದರಲ್ಲೇ ಅಷ್ಟು ಸ್ನಾಯುವನ್ನು ತುಂಬಿದ್ದರೆ ಸೂಜಿಗೆ ದಾರ ಪೋಣಿಸುವ ಕೈ ನಮಗೆ ಇರುತ್ತಿರಲಿಲ್ಲ.

ನಾಡಿಯನ್ನು ಹೆಬ್ಬೆರಳಿನಿಂದ ನೋಡಬಾರದು, ಹೆಬ್ಬೆರಳಿನ ಸ್ವಂತ ಮಿಡಿತವೇ ಎಣಿಕೆಗೆ ಸೇರಿಬಿಡಬಹುದು. ಕೊರಳಿನ ನಾಡಿಯನ್ನು ಎರಡೂ ಕಡೆ ಒಟ್ಟಿಗೆ ಒತ್ತಲೇಬಾರದು.

ಪ್ರಶ್ನೆ: ಮೂತ್ರಪಿಂಡಗಳು ದಿನಕ್ಕೆ 180 ಲೀಟರ್ ಸೋಸುತ್ತವೆ ಎಂದು ಓದಿದೆ. ದೇಹದಲ್ಲಿ ಅಷ್ಟು ನೀರೇ ಇಲ್ಲವಲ್ಲ! ಇದು ಮುದ್ರಣದೋಷವೇ?

ಉತ್ತರ: ದೋಷವಲ್ಲ, ಆದರೆ ಲೆಕ್ಕ ಹಾಕಿ ಅನುಮಾನಪಟ್ಟಿದ್ದು ಒಳ್ಳೆಯ ಓದುಗರ ಲಕ್ಷಣ. ಎರಡೂ ಮೂತ್ರಪಿಂಡಗಳು ಸೇರಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ಸೋಸುತ್ತವೆ. ಅದನ್ನು 60ರಿಂದಲೂ 24ರಿಂದಲೂ ಗುಣಿಸಿದರೆ 180 ಲೀಟರ್ ಬರುತ್ತದೆ. ರಕ್ತಕಣಗಳನ್ನು ಬಿಟ್ಟು ಉಳಿಯುವ ದ್ರವ, ಅಂದರೆ ಪ್ಲಾಸ್ಮಾ, ನಮ್ಮಲ್ಲಿರುವುದು ಸುಮಾರು 3 ಲೀಟರ್. ಅದೇ 3 ಲೀಟರ್ ದಿನಕ್ಕೆ 60 ಬಾರಿ ಸೋಸಿಹೋಗುತ್ತದೆ ಎಂದರ್ಥ. ಸೋಸಿದ್ದರಲ್ಲಿ ನೂರಕ್ಕೆ 99 ಭಾಗದಷ್ಟನ್ನು ನೆಫ್ರಾನಿನ (ಮೂತ್ರಪಿಂಡದೊಳಗಿನ ಸೋಸುವ ಘಟಕದ) ನಾಳಗಳು ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ.

ಇಷ್ಟೊಂದು ಸೋಸಿ ಮತ್ತೆ ಹೀರಿಕೊಳ್ಳುವುದು ವ್ಯರ್ಥ ದುಡಿಮೆಯೆಂದು ಮೊದಲ ನೋಟಕ್ಕೆ ಕಾಣುತ್ತದೆ. ಆದರೆ ಒಂದೊಂದು ಕಲ್ಮಶವನ್ನೂ ಗುರುತಿಸಿ ಹೊರಹಾಕುವ ವ್ಯವಸ್ಥೆಯಷ್ಟೇ ಇದ್ದಿದ್ದರೆ, ದೇಹ ಹಿಂದೆಂದೂ ಕಾಣದ ವಸ್ತುವೊಂದು ಒಳಗೆ ಬಂದಾಗ ಅದನ್ನು ಹೊರಹಾಕುವ ದಾರಿಯೇ ಇರುತ್ತಿರಲಿಲ್ಲ. ಈಗಿರುವ ಏರ್ಪಾಟಿನಲ್ಲಿ ಸಣ್ಣ ಅಣುಗಳೆಲ್ಲ ಹೊರಕ್ಕೆ ಬರುತ್ತವೆ, ಗ್ಲೂಕೋಸ್, ಸೋಡಿಯಂ, ನೀರು ಮುಂತಾಗಿ ಬೇಕಾದವನ್ನು ಮಾತ್ರ ಒಳಕ್ಕೆ ಕರೆದುಕೊಳ್ಳಲಾಗುತ್ತದೆ. ಗ್ಲೂಕೋಸನ್ನು ಮರಳಿ ಒಯ್ಯುವ ಸಾಗಣೆಗೂ ಒಂದು ಮಿತಿಯಿದೆ. ರಕ್ತದಲ್ಲಿ ಸಕ್ಕರೆ ಬಹಳ ಏರಿದಾಗ ಆ ಮಿತಿ ಮೀರಿ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಮಧುಮೇಹಿಗಳಿಗೆ ಪದೇಪದೇ ಮೂತ್ರ, ಬಾಯಾರಿಕೆ ಎರಡೂ ಬರುವುದು ಹೀಗೆ.

ಅಂದಹಾಗೆ, ನೀವು ಮಾಡಿದಂಥದೇ ಲೆಕ್ಕದಿಂದ ಈ ಶಾಸ್ತ್ರದ ದಿಕ್ಕೇ ಬದಲಾಗಿದೆ. ರಕ್ತ ಯಕೃತ್ತಿನಲ್ಲಿ ಹುಟ್ಟಿ ಅಂಗಾಂಗಗಳಲ್ಲಿ ಖರ್ಚಾಗಿಹೋಗುತ್ತದೆ ಎಂದು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ಕಾಲದಿಂದ ನಂಬಿದ್ದ ಜಗತ್ತಿಗೆ, ಹೃದಯ ಅರ್ಧ ಗಂಟೆಯಲ್ಲಿ ನೂಕುವ ರಕ್ತವೇ ಇಡೀ ದೇಹದ ರಕ್ತಕ್ಕಿಂತ ಹೆಚ್ಚಾಗುತ್ತದೆ, ಆದ್ದರಿಂದ ಅದು ಸುತ್ತಿ ಬರುತ್ತಿರಲೇಬೇಕು ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ವಾದಿಸಿದ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಲೋಮನಾಳಗಳನ್ನು ಅವನು ಕಂಡಿರಲಿಲ್ಲ. 1661ರಲ್ಲಿ ಇಟಲಿಯ ವೈದ್ಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಅವನ್ನು ಸೂಕ್ಷ್ಮದರ್ಶಕದ ಮೂಲಕ ನೋಡಿದ. ಅಷ್ಟರಲ್ಲಿ ಹಾರ್ವೆ ತೀರಿಕೊಂಡಿದ್ದ.

ಪ್ರಶ್ನೆ: ಮಿದುಳಿನಿಂದ ಹೊರಡುವ 12 ಜೋಡಿ ನರಗಳ ಹೆಸರು ಎಷ್ಟು ಓದಿದರೂ ನೆನಪಿನಲ್ಲಿ ಉಳಿಯುವುದಿಲ್ಲ. ಏನು ಮಾಡಲಿ?

ಉತ್ತರ: ಹೆಸರು ಮತ್ತು ಕ್ರಮವನ್ನು ಬಾಯಿಪಾಠ ಮಾಡಲೇಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಆದರೆ ಹನ್ನೆರಡನ್ನೂ ಒಂದೇ ಸಾಲಿನಲ್ಲಿ ಉರುಹೊಡೆಯುವ ಬದಲು, ಗೊಂದಲವಾಗುವ ಜೋಡಿಗಳನ್ನು ಎದುರುಬದುರಾಗಿ ಇಟ್ಟುಕೊಂಡು ಓದಿ. ಐದನೆಯದಾದ ಟ್ರೈಜೆಮಿನಲ್ ನರ ಮುಖದ ಸ್ಪರ್ಶವನ್ನು ಮಿದುಳಿಗೆ ತಲುಪಿಸುತ್ತದೆ ಮತ್ತು ಅಗಿಯುವ ಸ್ನಾಯುಗಳನ್ನು ನಡೆಸುತ್ತದೆ. ನಗು, ಹುಬ್ಬುಗಂಟು, ಕಣ್ಣು ಮುಚ್ಚುವುದು ಇವೆಲ್ಲ ಏಳನೆಯದಾದ ಫೇಶಿಯಲ್ ನರಕ್ಕೆ ಸೇರಿದವು. ಹೀಗಾಗಿ ಏಳನೆಯ ನರ ಕೆಟ್ಟು ಮುಖದ ಅರ್ಧಭಾಗ ಜೋತುಬಿದ್ದವರಿಗೂ ಆ ಕೆನ್ನೆಯ ಮೇಲೆ ಹತ್ತಿ ಸವರಿದರೆ ಗೊತ್ತಾಗುತ್ತದೆ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಕಡೆಯಿಂದ ಆಜ್ಞೆ ಬರುವುದರಿಂದ, ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಬಾಯಿಯ ಒಂದು ಬದಿ ಇಳಿದಿದ್ದರೂ ಹಣೆಯಲ್ಲಿ ನೆರಿಗೆ ಮೂಡುತ್ತದೆ. ನರವೇ ಹೊರಗಡೆ ಘಾಸಿಗೊಂಡಿದ್ದರೆ ಹಣೆಯೂ ನುಣ್ಣಗಿರುತ್ತದೆ, ಕಣ್ಣೂ ಮುಚ್ಚುವುದಿಲ್ಲ. ಈ ಭೇದವನ್ನು ಪರೀಕ್ಷೆಗಾಗಿ ತಿಳಿದಿರಿ, ಮನೆಯಲ್ಲಿ ರೋಗ ನಿರ್ಧರಿಸಲು ಬಳಸಬೇಡಿ. ಯಾರದೇ ಮುಖ ಇದ್ದಕ್ಕಿದ್ದಂತೆ ಒಂದು ಕಡೆಗೆ ಇಳಿಬಿದ್ದರೆ ಹಣೆಯ ನೆರಿಗೆ ನೋಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.